ಮೊದಲು ಹುಲ್ಲು, ಆಮೇಲೆ ದನ

ಮಗಳೇ,

ನಿನ್ನ ಮಾವನವರು ಕೊನೆಗೂ ಒಪ್ಪಿಕೊಂಡರು ಅಂತ ತಿಳಿದು ಸಮಾಧಾನವಾಯಿತು. ನಾಲ್ಕು ತಲೆಮಾರು ಹತ್ತಿ, ಶೇಂಗಾ ಬೆಳೆದ ಜಾರ್ಜಿಯಾದ ಆ ಕೆಂಪು ನೆಲವನ್ನು ಹುಲ್ಲುಗಾವಲು ಮಾಡುವುದು, ಬಯಲಲ್ಲಿ ಮೇಯಿಸಿ ಮಾಂಸದ ದನ ಸಾಕುವುದು ಸಣ್ಣ ನಿರ್ಧಾರವಲ್ಲ. ನೀನೂ ಅಳಿಯಂದಿರೂ ಕೂಡಿ ಯೋಚಿಸಿದ್ದೀರಿ, ಲೆಕ್ಕ ಹಾಕಿದ್ದೀರಿ. ಈಗ, ಪಶುವೈದ್ಯನಾಗಿ ನಿವೃತ್ತನಾದ ಈ ದೊಡ್ಡಪ್ಪನ ಮಾತೂ ಇರಲಿ ಎಂದು ಕೇಳಿದ್ದೀ. ಕೇಳಿದ್ದಕ್ಕೆ ಮನಸ್ಸು ಬಿಚ್ಚಿ ಬರೆಯುತ್ತೇನೆ. ನಿಧಾನವಾಗಿ ಓದು. ಮಾವನವರಿಗೂ ಅತ್ತೆಯವರಿಗೂ ಓದಿ ಹೇಳು.

ನಾನು ಹೇಳಬೇಕಾದದ್ದು ಒಂದೇ. ಹುಲ್ಲಿಗೆ ತನ್ನದೇ ಆದ ಗತಿ ಇದೆ. ನಿಮ್ಮ ಹಿಂಡು, ನಿಮ್ಮ ಸಾಲ, ನಿಮ್ಮ ಮಾರಾಟ, ಮನೆಯೊಳಗಿನ ಅಧಿಕಾರದ ಕೈಬದಲು, ಎಲ್ಲವೂ ಆ ಗತಿಗೆ ಹೊಂದಿಕೊಂಡರೆ ಈ ಹೊಲ ನಿನ್ನ ಮೊಮ್ಮಕ್ಕಳಿಗೂ ಉಳಿಯುತ್ತದೆ. ಹುಲ್ಲಿಗಿಂತ ಮುಂದೆ ಓಡಿದರೆ ಯಾವ ಒಳ್ಳೆಯ ಉದ್ದೇಶವೂ ಕಾಪಾಡುವುದಿಲ್ಲ. ಮುಂದೆ ಬರೆಯುವುದೆಲ್ಲ ಈ ಮಾತಿನ ವಿವರ.

ಅದಕ್ಕೂ ಮುಂಚೆ ಒಂದು ವಿಷಯ. ನಮ್ಮ ಮನೆಯಲ್ಲಿ ದನದ ಮಾಂಸ ತಿನ್ನುವವರಿಲ್ಲ. ನೀನು ಸೇರಿದ ಮನೆಯ ಊಟ ಬೇರೆ, ನೆಲ ಬೇರೆ, ಕಾನೂನು ಬೇರೆ. ಇದರಿಂದ ನಿನಗೆ ಅಳುಕು ಬೇಡ. ನಾನು ಬದುಕೆಲ್ಲ ದನಗಳ ನಡುವೆ ಕಳೆದವನು. ದನಕ್ಕೆ ಮನುಷ್ಯ ಮಾಡಬಹುದಾದ ಅನ್ಯಾಯ ಸಾವಿಗಿಂತ ಬಹಳ ಮೊದಲೇ ಶುರುವಾಗುತ್ತದೆ: ಇಕ್ಕಟ್ಟಿನಲ್ಲಿ, ಹಸಿವೆಯಲ್ಲಿ, ಕೊಳಕಿನಲ್ಲಿ, ಯಾರೂ ನೋಡದೆ ಬಿಟ್ಟ ಗಾಯದಲ್ಲಿ. ಅದು ನಿಮ್ಮ ಬೇಲಿಯೊಳಗೆ ಆಗದಂತೆ ನೋಡಿಕೊಳ್ಳುವುದೇ ನಿಮ್ಮ ಧರ್ಮ. ಸಾವಿನ ಮಾತನ್ನು ಮುಂದೆ ಹೇಳುತ್ತೇನೆ. ಅದನ್ನು ಬಿಟ್ಟು ಈ ಕಸುಬಿನ ಬಗ್ಗೆ ಬುದ್ಧಿ ಹೇಳುವುದು ಪ್ರಾಮಾಣಿಕತೆಯಾಗದು.

ನೀವು ಹಿಡಿಯಲಿರುವ ದಾರಿಯಲ್ಲಿ ಮೊದಲೇ ನಡೆದವರು ನಿಮ್ಮ ಸೀಮೆಯಲ್ಲೇ ಇದ್ದಾರೆ. ಕ್ಲೇ ಕೌಂಟಿಯ ಬ್ಲಫ್ಟನ್‌ನಲ್ಲಿರುವ ವೈಟ್ ಓಕ್ ಪಾಸ್ಚರ್ಸ್ ಹೊಲದ ಚರಿತ್ರೆಯನ್ನು ಮನಸ್ಸಿಟ್ಟು ಓದಿಕೊಳ್ಳಿ. ಅಮೆರಿಕದ ಅಂತರ್ಯುದ್ಧ ಮುಗಿದ ಮರುವರ್ಷ, 1866ರಲ್ಲಿ, ಹ್ಯಾರಿಸ್ ಮನೆತನ ಅಲ್ಲಿ ನೆಲೆಯೂರಿತು. ಮೊದಲ ಎರಡು ತಲೆಮಾರಿನವರು ತಮ್ಮ ದನವನ್ನು ತಾವೇ ಕಡಿದು ಸುತ್ತಲಿನ ಜನಕ್ಕೆ ಮಾಂಸ ಒದಗಿಸುತ್ತಿದ್ದರು. ಎರಡನೇ ಮಹಾಯುದ್ಧದ ನಂತರ ಮೂರನೆಯ ತಲೆಮಾರಿನ ಕಾಲಕ್ಕೆ ಬೇಸಾಯದ ರೀತಿಯೇ ಬದಲಾಯಿತು. ಯುದ್ಧಕ್ಕೆ ಮದ್ದುಗುಂಡಿನ ಸಾಮಗ್ರಿ ತಯಾರಿಸುತ್ತಿದ್ದ ಕಾರ್ಖಾನೆಗಳು ಸಾರಜನಕ ಗೊಬ್ಬರ ಕೊಟ್ಟವು, ಗೋವಿನಜೋಳ ಅಗ್ಗವಾಯಿತು. ಕರುಗಳನ್ನು ಬೆಳೆಸಿ ದೂರದ ಫೀಡ್‌ಲಾಟ್‌ಗಳಿಗೆ, ಅಂದರೆ ಸಾವಿರಾರು ದನಗಳನ್ನು ಒತ್ತೊತ್ತಾಗಿ ಕೂಡಿ ಕಾಳು ತಿನ್ನಿಸಿ ಕೊಬ್ಬಿಸುವ ದೊಡ್ಡಿಗಳಿಗೆ, ಲಾರಿಯಲ್ಲಿ ಸಾಗಿಸುವುದೇ ಕಸುಬಾಯಿತು. ನಾಲ್ಕನೆಯ ತಲೆಮಾರಿನ ವಿಲ್ ಹ್ಯಾರಿಸ್ ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ಕೃಷಿ ಓದಿ ಬಂದು ಅದೇ ಪದ್ಧತಿಯನ್ನು ಇನ್ನೂ ಬಿಗಿಯಾಗಿ ನಡೆಸಿದರು. ಹಾರ್ಮೋನು, ಆಂಟಿಬಯೋಟಿಕ್, ಗೊಬ್ಬರ, ಕಳೆನಾಶಕ, ಎಲ್ಲ ಬಳಸಿದೆನೆಂದು ಅವರೇ ಹೇಳುತ್ತಾರೆ.

1990ರ ದಶಕದ ನಡುವೆ ಅವರ ಮನಸ್ಸು ತಿರುಗಿತು. ನೆಬ್ರಾಸ್ಕಾಕ್ಕೆ ಹೊರಟ ಎರಡಂತಸ್ತಿನ ಲಾರಿಗೆ ದನ ತುಂಬುವಾಗ, ಮೇಲಿನ ಅಂತಸ್ತಿನ ಸಗಣಿ ಗಂಜಲವೆಲ್ಲ ಕೆಳಗಿನ ದನಗಳ ಮೇಲೆ ಬೀಳುತ್ತಾ, ಅವು ಒಂದು ದಿನಕ್ಕೂ ಹೆಚ್ಚು ಕಾಲ ಮೇವು ನೀರಿಲ್ಲದೆ ಪಯಣ ಮಾಡಬೇಕಲ್ಲ ಎಂಬುದು ಅವರನ್ನು ಕಾಡಿತಂತೆ. 1995ರಲ್ಲಿ ಕಾಳು, ಹಾರ್ಮೋನು, ಆಂಟಿಬಯೋಟಿಕ್ ಬಿಟ್ಟರು. ಆಮೇಲೆ ಹೊಲಕ್ಕೆ ಹಾಕುವ ರಾಸಾಯನಿಕಗಳನ್ನೂ ಬಿಟ್ಟರು. ಇವತ್ತು ಆ ಹೊಲದಲ್ಲಿ ದನದ ಜೊತೆಗೆ ಕುರಿ, ಮೇಕೆ, ಹಂದಿ, ಕೋಳಿ ಬಯಲಲ್ಲಿ ಮೇಯುತ್ತವೆ. ಹೊಲದಲ್ಲೇ ಸ್ವಂತ ಕಸಾಯಿಖಾನೆ ಇದೆ. ನೂರು ಜನರ ಆಸುಪಾಸಿನ ಬ್ಲಫ್ಟನ್ ಊರಲ್ಲಿ 150ಕ್ಕೂ ಹೆಚ್ಚು ಮಂದಿಗೆ ಅಲ್ಲಿ ಕೆಲಸ ಸಿಕ್ಕಿದೆ. ಅವರ ಹೆಣ್ಣುಮಕ್ಕಳಲ್ಲಿ ಇಬ್ಬರು ಐದನೆಯ ತಲೆಮಾರಾಗಿ ಮರಳಿ ಬಂದು ನಿಂತಿದ್ದಾರೆ.

ಈ ಚರಿತ್ರೆಯಿಂದ ಮೊದಲು ಕಲಿಯಬೇಕಾದದ್ದು ಹಿರಿಯರ ವಿಷಯ. ಮೂರನೆಯ ತಲೆಮಾರಿನವರು ಕೆಟ್ಟವರಾಗಿರಲಿಲ್ಲ. ಬಡತನ ಕಂಡವರು, ಬರಗಾಲದ ಬೆಲೆ ಕಂಡವರು. ಒಂದು ಚೀಲ ಗೊಬ್ಬರ ಹಾಕಿದರೆ ಹೊಲ ಹಸಿರಾಗುವುದನ್ನು ಕಣ್ಣಾರೆ ನೋಡಿದವರಿಗೆ ಅದು ವರವಾಗಿ ಕಂಡಿತು. ನಮ್ಮ ಹಾವೇರಿ ಸೀಮೆಯಲ್ಲಿ ಹೈಬ್ರಿಡ್ ಜೋಳ, ಯೂರಿಯಾ ಬಂದಾಗ ನನ್ನ ಅಪ್ಪನೂ ಹಾಗೆಯೇ ಬೆರಗಾಗಿದ್ದ. ನಿನ್ನ ಮಾವನವರು ಶೇಂಗಾ ಬೆಳೆದ ದುಡ್ಡಿನಿಂದಲೇ ಆ ಜಮೀನು ಬ್ಯಾಂಕಿನ ಪಾಲಾಗದೆ ನಿಮ್ಮ ಕೈಗೆ ಬರುತ್ತಿದೆ. ಹೊಸದನ್ನು ಹೊಗಳಲು ಹಳೆಯದನ್ನು ತೆಗಳಬೇಡಿ. ಅವರ ಎದುರು ‘ನೀವು ಮಣ್ಣು ಕೊಂದಿರಿ’ ಎಂಬ ಮಾತು ನಿಮ್ಮಿಬ್ಬರ ಬಾಯಲ್ಲಿ ಎಂದೂ ಬರಕೂಡದು. ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಯಾವ ದಿಬ್ಬ ಮೊದಲು ಒಣಗುತ್ತದೆ, ಯಾವ ವರ್ಷ ಚಂಡಮಾರುತ ಎಲ್ಲಿಯವರೆಗೆ ಬಂತು ಎಂಬುದು ಅವರಿಗೆ ಗೊತ್ತು. ಹುಲ್ಲುಗಾವಲಿಗೆ ಬೇಕಾದ ಮೊದಲ ನಕ್ಷೆ ಅವರ ತಲೆಯಲ್ಲಿದೆ. ಪಕ್ಕದಲ್ಲಿ ಕೂತು ಬರೆದುಕೊಳ್ಳಿ.

ಇನ್ನು ಹುಲ್ಲಿನ ವಿಷಯ. ಹುಲ್ಲಿನ ಬೇರು ಅಸಲು, ಎಲೆ ಬಡ್ಡಿ. ದನ ಬಡ್ಡಿ ತಿನ್ನಲಿ, ಅಸಲಿಗೆ ಬಾಯಿ ಹಾಕಬಾರದು. ಅಮೆರಿಕದ ಕೃಷಿ ಇಲಾಖೆಯ ಕ್ರೈಡರ್ ಎಂಬ ವಿಜ್ಞಾನಿ 1955ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ತೋರಿಸಿತು. ಎಲೆಯ ಅರ್ಧದಷ್ಟು ತೆಗೆದರೆ ಬೇರಿನ ಬೆಳವಣಿಗೆ ಹೆಚ್ಚುಕಡಿಮೆ ನಿಲ್ಲದೆ ಸಾಗುತ್ತದೆ. 80% ತೆಗೆದರೆ ಎಷ್ಟೋ ದಿನ ಬೇರು ಬೆಳೆಯುವುದನ್ನೇ ನಿಲ್ಲಿಸುತ್ತದೆ. ‘ಅರ್ಧ ತಿನ್ನಿಸು, ಅರ್ಧ ಬಿಡು’ ಎಂದು ಅಲ್ಲಿಯ ಹಳೆಯ ದನಗಾರರು ಹೇಳುವುದರ ಹಿಂದೆ ಇಷ್ಟು ವಿಜ್ಞಾನವಿದೆ. ಫ್ರಾನ್ಸಿನ ಆಂದ್ರೆ ವ್ವಾಜಾಂ 1957ರಲ್ಲಿ ಹುಲ್ಲಿನ ಇಳುವರಿಯ ಬಗ್ಗೆ ಬರೆದ ಪುಸ್ತಕದಲ್ಲಿ ಇನ್ನೊಂದು ಮಾತು ಸೇರಿಸಿದ: ಎಷ್ಟು ದನ ಮೇಯ್ದವು ಎನ್ನುವುದಕ್ಕಿಂತ, ಮೇಯ್ದ ಮೇಲೆ ಹುಲ್ಲಿಗೆ ಎಷ್ಟು ದಿನ ವಿಶ್ರಾಂತಿ ಸಿಕ್ಕಿತು ಎನ್ನುವುದೇ ಮುಖ್ಯ. ಚಿಗುರಿದ ಎಳೆ ಎಲೆಯನ್ನು ದನ ಎರಡನೆಯ ಸಲ ಕಚ್ಚಿದಾಗ ಹುಲ್ಲು ಬೇರಿನ ಗಂಟಿನಿಂದ ಖರ್ಚು ಮಾಡುತ್ತದೆ.

ಆದ್ದರಿಂದ ಹೊಲವನ್ನು ಕರೆಂಟ್ ಬೇಲಿಯಿಂದ ತುಂಡು ಮಾಡಿಕೊಳ್ಳಿ. ಹಿಂಡನ್ನು ಒಂದು ತುಂಡಿನಲ್ಲಿ ಸ್ವಲ್ಪ ಹೊತ್ತು ಒತ್ತಾಗಿ ಮೇಯಿಸಿ, ಅರ್ಧ ಮೇಯ್ದ ಕೂಡಲೇ ಮುಂದಿನ ತುಂಡಿಗೆ ಅಟ್ಟಿ. ಮರಳಿ ಆ ತುಂಡಿಗೆ ಯಾವಾಗ ಬರಬೇಕು ಎಂಬುದನ್ನು ಕ್ಯಾಲೆಂಡರ್ ಹೇಳಬಾರದು, ಹುಲ್ಲೇ ಹೇಳಬೇಕು. ಬೇಸಿಗೆಯ ಮಳೆಯಲ್ಲಿ ಬರ್ಮುಡಾ ಹುಲ್ಲು ಮೂರು ನಾಲ್ಕು ವಾರಕ್ಕೆ ಸಿದ್ಧವಾದೀತು. ಮಳೆ ಕೈಕೊಟ್ಟರೆ ಎರಡರಷ್ಟು ದಿನ ಬೇಕಾದೀತು. ಆಗ ಹಿಂಡು ಕಡಿಮೆ ಮಾಡುವ ಧೈರ್ಯ ಇರಲಿ. ಬರದಲ್ಲಿ ನಾಲ್ಕು ದನ ಬೇಗ ಮಾರಿದವನು ಹೊಲ ಉಳಿಸಿಕೊಳ್ಳುತ್ತಾನೆ. ಮಳೆ ನಾಳೆ ಬಂದೀತು, ನಾಡಿದ್ದು ಬಂದೀತು ಎಂದು ಕಾದವನು ದನವನ್ನೂ ಹುಲ್ಲನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾನೆ.

ನಿಮ್ಮಲ್ಲಿ ವರ್ಷಕ್ಕೆ ಸುಮಾರು 1300 ಮಿ.ಮೀ. ಮಳೆ. ನಮ್ಮ ಬಯಲುಸೀಮೆಯವರಿಗೆ ಅದು ಭಾಗ್ಯ. ಆದರೆ ಮಳೆ ಹೆಚ್ಚಿರುವ ಬಿಸಿ ನೆಲದಲ್ಲಿ ಸಾರ ಬೇಗ ತೊಳೆದು ಹೋಗುತ್ತದೆ, ನೂರು ವರ್ಷ ಹತ್ತಿ ಬೆಳೆದ ಹೊಲದಲ್ಲಿ ಇಂಗಾಲ ಕಮ್ಮಿ. ವೈಟ್ ಓಕ್ ಹೊಲದಲ್ಲಿ 1% ಇದ್ದ ಮಣ್ಣಿನ ಸಾವಯವ ಅಂಶ 5%ಕ್ಕೆ ಏರಿದೆ. ಅದಕ್ಕೆ ಹಿಡಿದದ್ದು ಎರಡು ದಶಕ. ಈ ಎರಡು ದಶಕ ಎಂಬುದನ್ನು ನೆನಪಿಡು. ಎಲ್ಲ ಜಮೀನನ್ನೂ ಒಂದೇ ವರ್ಷ ಹುಲ್ಲಿಗೆ ಹಾಕಬೇಡಿ. ಮೊದಲು ಒಂದು ಹೊಲ. ಮಣ್ಣಿನ ಪರೀಕ್ಷೆ ಮಾಡಿಸಿ, ಹುಳಿ ಇದ್ದರೆ ಸುಣ್ಣ ಹಾಕಿ. ಬೇಸಿಗೆಗೆ ಬರ್ಮುಡಾ ಅಥವಾ ಬಹಿಯಾ, ಚಳಿಗಾಲಕ್ಕೆ ರೈ, ರೈಗ್ರಾಸ್, ಕ್ಲೋವರ್. ಬಹುವಾರ್ಷಿಕ ಶೇಂಗಾ ಎಂಬ ಮೇವಿನ ಬಳ್ಳಿಯೂ ನಿಮ್ಮಲ್ಲಿ ಬರುತ್ತದೆ. ಅದು ಬೇರೂರಲು ಎರಡು ಮೂರು ವರ್ಷ ಬೇಕು, ಊರಿದ ಮೇಲೆ ಹೊಲ ಬಿಟ್ಟು ಹೋಗುವುದಿಲ್ಲ. ನಿನ್ನ ಮಾವನವರಿಗೆ ಶೇಂಗಾ ಗೊತ್ತು. ಆ ಬಳ್ಳಿಯ ಹೊಣೆ ಅವರಿಗೇ ಕೊಡು.

ಚಳಿಗಾಲದ ಒಣಹುಲ್ಲಿನ ಲೆಕ್ಕ ಈಗಲೇ ಹಾಕಿಕೋ. 500 ಕಿಲೋ ತೂಕದ ಹಸುವಿಗೆ ದಿನಕ್ಕೆ ಸುಮಾರು 12 ಕಿಲೋ ಒಣಮೇವು ಬೇಕು. ಮೂರು ತಿಂಗಳಿಗೆ ಒಂದು ಟನ್ ದಾಟುತ್ತದೆ. ನಮ್ಮಲ್ಲಿ ಸುಗ್ಗಿ ಮುಗಿದ ಮೇಲೆ ಕಣಿಕೆಯ ಬಣವಿ ನೋಡಿ ಎಷ್ಟು ದನ ಕಟ್ಟಬಹುದು ಎಂದು ತೀರ್ಮಾನಿಸುತ್ತಿದ್ದರು. ನಿಮ್ಮ ಹಿಂಡಿನ ಎಣಿಕೆಯೂ ಹಾಗೆಯೇ ಕೊನೆಯಲ್ಲಿ ಬರಲಿ.

ದನದ ತಳಿ ಆರಿಸುವಾಗ ಜಾತ್ರೆಯ ಬಹುಮಾನ ನೋಡಬೇಡಿ. ಜಾರ್ಜಿಯಾದ ದಕ್ಷಿಣದ ಸೆಕೆ, ಉಣ್ಣಿ, ನೊಣ ತಡೆದುಕೊಂಡು ಹುಲ್ಲಿನಲ್ಲೇ ಮೈದುಂಬುವ, ಮೈಕಟ್ಟು ಅತಿ ದೊಡ್ಡದಲ್ಲದ ದನ ಬೇಕು. ಇಲ್ಲಿ ನಿನಗೆ ಹೆಮ್ಮೆಯಾಗುವ ಒಂದು ಸಂಗತಿ ಇದೆ. ಅಮೆರಿಕದ ದಕ್ಷಿಣ ಸೀಮೆಯಲ್ಲಿ ಬೆನ್ನ ಮೇಲೆ ಡುಬ್ಬ ಇರುವ ಬ್ರಾಹ್ಮನ್ ತಳಿಯ ರಕ್ತ ಎಲ್ಲೆಡೆ ಹರಡಿದೆ. 1854ರಿಂದ 1926ರವರೆಗೆ ಹೊರಗಿನಿಂದ ತರಿಸಿದ 300ಕ್ಕಿಂತ ಕಡಿಮೆ ದನಗಳಿಂದ ಆ ತಳಿ ಕಟ್ಟಿದರು. ಅದರ ಮೂಲದಲ್ಲಿ ಗುಜರಾತಿನ ಕಾಂಕ್ರೇಜ್, ಗಿರ್, ಆಂಧ್ರದ ಒಂಗೋಲ್ ತಳಿಗಳ ಜೊತೆ ನಮ್ಮ ಕೃಷ್ಣಾ ಕಣಿವೆಯ ತಳಿಯೂ ಸೇರಿದೆ. ವಿಜಯಪುರ, ಬೆಳಗಾವಿಯ ಕರಿನೆಲ ಉತ್ತ ದನದ ಸಂತತಿ ನಿಮ್ಮ ನೆರೆಯವರ ಹಿಂಡಿನಲ್ಲಿದೆ. ತೀರಾ ಹೆಚ್ಚು ಬ್ರಾಹ್ಮನ್ ಇದ್ದರೆ ಮಾಂಸದ ಮೃದುತ್ವ ತಗ್ಗುತ್ತದೆ ಎಂಬ ದೂರಿದೆ. ಪಾಲು ಹದವಾಗಿ ಇದ್ದರೆ ಆ ಬಿಸಿಲಿಗೆ ಅದಕ್ಕಿಂತ ಒಳ್ಳೆಯ ನೆರವಿಲ್ಲ.

ಇನ್ನೊಂದು ನಂಟು. ನಿಮ್ಮ ರಾಜ್ಯದ ಟಿಫ್ಟನ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಗ್ಲೆನ್ ಬರ್ಟನ್ ಎಂಬ ವಿಜ್ಞಾನಿ ಬದುಕೆಲ್ಲ ಹುಲ್ಲಿನ ಕೆಲಸ ಮಾಡಿದರು. 1943ರ ಕೋಸ್ಟಲ್ ಬರ್ಮುಡಾ ಅವರ ಕೊಡುಗೆ. ಅವರೇ ರೂಪಿಸಿದ ಸಜ್ಜೆಯ ಟಿಫ್ಟ್ 23ಎ ಎಂಬ ಸಾಲಿನಿಂದ ಭಾರತದ ಮೊದಲ ಹೈಬ್ರಿಡ್ ಸಜ್ಜೆ 1965ರಲ್ಲಿ ಬಂತು. ಒಣಬೇಸಾಯದ ನಮ್ಮ ಉತ್ತರದ ಜಿಲ್ಲೆಗಳ ರೊಟ್ಟಿಗೂ ನಿಮ್ಮ ಹುಲ್ಲಿಗೂ ಒಬ್ಬನೇ ಮನುಷ್ಯನ ದುಡಿಮೆ ಸೇರಿದೆ. ಬೇಸಿಗೆಯ ಮೇವಿಗೆ ಜೋಳದ ಜಾತಿಗಿಂತ ಸಜ್ಜೆಯನ್ನೇ ಬಿತ್ತಿ ಎಂದು ನಾನು ಹೇಳುವುದಕ್ಕೆ ಪಶುವೈದ್ಯನ ಕಾರಣವೂ ಇದೆ. ಎಳೆ ಜೋಳ ತಿಂದು ದನ ಸತ್ತದ್ದನ್ನು ನಮ್ಮೂರಲ್ಲಿ ಕೇಳದವರಿಲ್ಲ. ಬರಕ್ಕೆ ಬಾಡಿದ ಎಳೆ ಜೋಳದಲ್ಲಿ, ಹಿಮ ಹೊಡೆದ ಸುಡಾನ್ ಹುಲ್ಲಿನಲ್ಲಿ, ನಿಮ್ಮಲ್ಲಿ ಕಳೆಯಾಗಿ ಬೆಳೆಯುವ ಜಾನ್ಸನ್ ಹುಲ್ಲಿನಲ್ಲಿ ಸಯನೈಡಿನ ವಿಷ ಹುಟ್ಟುತ್ತದೆ. ಸಜ್ಜೆಯಲ್ಲಿ ಆ ವಿಷದ ಭಯವಿಲ್ಲ. ಆದರೆ ಹೆಚ್ಚು ಗೊಬ್ಬರ ಕುಡಿದು ಬರಕ್ಕೆ ಸಿಕ್ಕ ಸಜ್ಜೆಯಲ್ಲಿ ನೈಟ್ರೇಟ್ ತುಂಬಿಕೊಳ್ಳುತ್ತದೆ. ಅನುಮಾನ ಬಂದರೆ ಪರೀಕ್ಷೆ ಮಾಡಿಸದೆ ದನ ಬಿಡಬೇಡ.

ಹುಲ್ಲಿನ ದನಕ್ಕೆ ರೋಗವಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡ. ಹಸಿದ ಹಿಂಡನ್ನು ಇಬ್ಬನಿ ಆರದ ಕ್ಲೋವರಿಗೆ ಬಿಟ್ಟರೆ ಹೊಟ್ಟೆಯುಬ್ಬರ ಬರುತ್ತದೆ. ಎಡಗಡೆ ಹೊಟ್ಟೆ ಉಬ್ಬಿ ನಿಂತ ದನಕ್ಕೆ ಗಂಟೆಗಳ ಕಾಲಾವಕಾಶವೂ ಇರುವುದಿಲ್ಲ. ಮೊದಲು ಒಣಹುಲ್ಲು ತಿನ್ನಿಸಿ ಆಮೇಲೆ ಬಿಡು. ವಸಂತದ ಎಳೆ ರೈಗ್ರಾಸ್ ಮೇಯುವ, ಕರು ಹಾಲು ಕುಡಿಯುವ ಹಸುವಿನಲ್ಲಿ ಮೆಗ್ನೀಸಿಯಂ ಕುಸಿದು ಅದು ನಡುಗಿ ಬೀಳುತ್ತದೆ. ಆ ತಿಂಗಳುಗಳಲ್ಲಿ ಮೆಗ್ನೀಸಿಯಂ ಇರುವ ಖನಿಜ ಮಿಶ್ರಣ ತಪ್ಪದೆ ಇಡು. ಜಂತುವಿನ ಔಷಧಿಯನ್ನು ರೂಢಿಯಂತೆ ಎಲ್ಲಕ್ಕೂ ಹಾಕಬೇಡ. ಸಗಣಿ ಪರೀಕ್ಷೆ ಮಾಡಿಸಿ, ಬೇಕಾದ ದನಕ್ಕೆ ಮಾತ್ರ ಹಾಕು. ಐವರ್‌ಮೆಕ್ಟಿನ್ ಜಾತಿಯ ಔಷಧಿ ಸಗಣಿಯಲ್ಲಿ ಉಳಿದು ಸಗಣಿ ಹುಳುಗಳಿಗೆ ಮಾರಕವಾಗುತ್ತದೆ, ಆ ಹುಳುಗಳೇ ನಿಮ್ಮ ಹೊಲದ ಉಚಿತ ಗೊಬ್ಬರ ಕೂಲಿಗಳು. ಕರುವಿನ ಬೀಜ ಒಡೆಯುವಾಗ ನೋವು ಕಡಿಮೆ ಮಾಡುವ ಔಷಧಿ ಕೊಡಿಸು. ಹಾಲು ಬಿಡಿಸುವಾಗ ತಾಯಿ ಕರುವನ್ನು ಬೇಲಿಯ ಆಚೀಚೆ ಇಡು, ಪರಸ್ಪರ ಕಾಣುವಂತಿರಲಿ. ನೆರಳು ಕೊಡು. ದಿನಕ್ಕೊಮ್ಮೆ ಹಿಂಡಿನ ನಡುವೆ ನಡೆದು ಒಂದೊಂದನ್ನೂ ನೋಡು. ಪಶುವೈದ್ಯನಿಗೆ ಕೊಡುವ ಹಣದಲ್ಲಿ ಅರ್ಧದಷ್ಟು ಆ ನಡಿಗೆಯಲ್ಲೇ ಉಳಿಯುತ್ತದೆ.

ಈಗ ದುಡ್ಡಿನ ಮಾತು. ಫೀಡ್‌ಲಾಟಿನಲ್ಲಿ ಕಾಳು ತಿಂದ ದನ ಹದಿನಾಲ್ಕರಿಂದ ಹದಿನೆಂಟು ತಿಂಗಳಿಗೆ ಮಾರಾಟಕ್ಕೆ ತಯಾರು. ಬರೀ ಹುಲ್ಲಿನಲ್ಲಿ ಅದೇ ಹದಕ್ಕೆ ಬರಲು ಇಪ್ಪತ್ತರಿಂದ ಇಪ್ಪತ್ತೆಂಟು ತಿಂಗಳು ಬೇಕು. ಅಷ್ಟು ಕಾಲ ನಿಮ್ಮ ಹಣ ಹೊಲದಲ್ಲಿ ಮೇಯುತ್ತಿರುತ್ತದೆ. ಇವತ್ತು ಹುಟ್ಟಿದ ಕರುವಿನಿಂದ ಎರಡು ವರ್ಷ ಒಂದು ಡಾಲರೂ ಬಾರದು. ಬ್ಯಾಂಕಿನ ಕಂತು ತಿಂಗಳು ತಿಂಗಳು ಬರುತ್ತದೆ, ಹುಲ್ಲಿಗಾಗಿ ಕಾಯುವುದಿಲ್ಲ. ಹಾಸಿಗೆ ಇದ್ದಷ್ಟೇ ಕಾಲು ಚಾಚಿ. ಟ್ರಾಕ್ಟರು, ಕೊಟ್ಟಿಗೆ, ಹೊಸ ಟ್ರಕ್ಕು ಎಂದು ಸಾಲ ಮಾಡಬೇಡಿ. ಮೊದಲ ಖರ್ಚು ಬೇಲಿಗೆ ಮತ್ತು ನೀರಿನ ಕೊಳವೆಗೆ. ಉಳಿದ ಹೊಲಗಳಲ್ಲಿ ಸದ್ಯಕ್ಕೆ ಶೇಂಗಾ ಇರಲಿ. ನಿನ್ನ ನೌಕರಿಯನ್ನೂ ಬಿಡಬೇಡ. ಅಮೆರಿಕದ ಬೇಸಾಯದ ಮನೆಗಳ ಒಟ್ಟು ಆದಾಯದಲ್ಲಿ ಹೆಚ್ಚಿನ ಪಾಲು ಬರುವುದು ಹೊಲದ ಹೊರಗಿನ ದುಡಿಮೆಯಿಂದಲೇ. ಅದರಲ್ಲಿ ನಾಚಿಕೆಯಿಲ್ಲ.

ಇಡೀ ದನವನ್ನು ಮಾರಲು ಕಲಿಯಿರಿ. 500 ಕಿಲೋ ತೂಗುವ ದನದಿಂದ ಅಡುಗೆಮನೆಗೆ ಹೋಗುವ ಮಾಂಸ 200 ಕಿಲೋ ಒಳಗೆ. ದೊಡ್ಡ ಹೋಟೆಲಿನವರು ಕೇಳುವ ಮೃದುವಾದ ತುಂಡು ಅದರಲ್ಲಿ ಕೆಲವೇ ಕಿಲೋ. ಬಹುಪಾಲು ಖೀಮಾ ಮತ್ತು ನಿಧಾನವಾಗಿ ಬೇಯಿಸಬೇಕಾದ ಭಾಗಗಳು. ಖೀಮಾ ಕೊಳ್ಳುವ ಸಾಮಾನ್ಯ ಮನೆಗಳು, ಎಲುಬು ಕೊಳ್ಳುವ ಮನೆಗಳು ನಿಮ್ಮ ನಿಜವಾದ ಗಿರಾಕಿಗಳು. ಅವರನ್ನು ಒಬ್ಬೊಬ್ಬರಾಗಿ ಸಂಪಾದಿಸಿ. ವೈಟ್ ಓಕಿನಲ್ಲಿ ಚರ್ಮ ಹದ ಮಾಡುತ್ತಾರೆ, ಕೊಬ್ಬಿನಿಂದ ಸೋಪು, ಮೇಣದ ಬತ್ತಿ ಮಾಡುತ್ತಾರೆ, ಉಳಿದದ್ದು ಗೊಬ್ಬರವಾಗಿ ಹೊಲಕ್ಕೆ ಮರಳುತ್ತದೆ. ಒಂದು ಜೀವ ತೆಗೆದ ಮೇಲೆ ಅದರಲ್ಲಿ ಯಾವುದನ್ನೂ ಬಿಸಾಡಬಾರದು ಎಂಬ ಮರ್ಯಾದೆ ಅದರಲ್ಲಿದೆ, ಲಾಭವೂ ಇದೆ.

ಮಾರುಕಟ್ಟೆ ನ್ಯಾಯವಾಗಿ ನಡೆಯುತ್ತದೆಂದು ನಂಬಿ ಕೂರಬೇಡಿ. ಕಾಳು ತಿಂದ ದನದ ವ್ಯವಹಾರದಲ್ಲಿ 80%ಗಿಂತ ಹೆಚ್ಚು ಪಾಲು ನಾಲ್ಕೇ ಕಂಪನಿಗಳ ಕೈಯಲ್ಲಿದೆ. ಹುಲ್ಲಿನ ಮಾಂಸ ಎಂದರೆ ಏನೆಂದು ಹೇಳುತ್ತಿದ್ದ ಸರ್ಕಾರಿ ಮಾನದಂಡವನ್ನು ಅಮೆರಿಕದ ಕೃಷಿ ಇಲಾಖೆ 2016ರ ಜನವರಿಯಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಹೊರದೇಶದಿಂದ ಬಂದ ಮಾಂಸವನ್ನು ಅಲ್ಲಿ ಮತ್ತೆ ಪೊಟ್ಟಣ ಕಟ್ಟಿ ‘ಅಮೆರಿಕದ ಉತ್ಪನ್ನ’ ಎಂಬ ಚೀಟಿ ಅಂಟಿಸುವುದಕ್ಕೆ ವರ್ಷಗಟ್ಟಲೆ ಅವಕಾಶವಿತ್ತು. ಅಲ್ಲೇ ಹುಟ್ಟಿ, ಬೆಳೆದು, ಕಡಿದು, ತಯಾರಾದ ಮಾಂಸಕ್ಕೆ ಮಾತ್ರ ಆ ಚೀಟಿ ಎಂಬ ನಿಯಮ ಬಂದದ್ದು 2024ರಲ್ಲಿ, ಪೂರ್ತಿ ಜಾರಿಗೆ ಇಟ್ಟ ಗಡುವು 2026ರ ಜನವರಿ. ಚೀಟಿಗಿಂತ ಗಟ್ಟಿಯಾದದ್ದು ಗುರುತು. ಗಿರಾಕಿಗಳನ್ನು ಹೊಲಕ್ಕೆ ಕರೆಯಿರಿ, ಎಲ್ಲ ಮೂಲೆ ತೋರಿಸಿ. ಮತ್ತು ಎಲ್ಲ ಮಾಂಸವನ್ನೂ ಒಬ್ಬನೇ ದೊಡ್ಡ ಅಂಗಡಿಯವನಿಗೆ ಕೊಡಬೇಡಿ. ಒಬ್ಬನ ಕೈಯಲ್ಲಿ ಬೆಲೆ ಇದ್ದರೆ ಹೊಲವೂ ಅವನ ಕೈಯಲ್ಲೇ ಇದ್ದಂತೆ.

ಹೊಗಳಿಕೆಯ ವಿಷಯದಲ್ಲೂ ಎಚ್ಚರ. ‘ನಮ್ಮ ದನ ಭೂಮಿಯ ಬಿಸಿ ಇಳಿಸುತ್ತವೆ’ ಎಂದು ಫಲಕ ಬರೆಸುವ ಆಸೆ ಬಂದೀತು. ವೈಟ್ ಓಕ್ ಹೊಲದ ಮೇಲೆ 2020ರಲ್ಲಿ ಪ್ರಕಟವಾದ ಅಧ್ಯಯನ ಎರಡು ಮಾತು ಹೇಳಿತು. ಮಣ್ಣಿಗೆ ಸೇರಿದ ಇಂಗಾಲ ಲೆಕ್ಕ ಹಿಡಿದರೆ ಅಲ್ಲಿಯ ಹಸಿರುಮನೆ ಅನಿಲದ ಹೊರೆ ರೂಢಿಯ ಪದ್ಧತಿಗಿಂತ 66% ಕಡಿಮೆ. ಆದರೆ ಅಷ್ಟೇ ಆಹಾರ ಬೆಳೆಯಲು ಎರಡೂವರೆ ಪಟ್ಟು ನೆಲ ಬೇಕು. ದನದ ಹೊಟ್ಟೆಯಿಂದ ಮೀಥೇನ್ ಬರುವುದು ನಿಲ್ಲುವುದಿಲ್ಲ, ಮಣ್ಣು ಇಂಗಾಲ ಹೀರುವುದೂ ಒಂದು ಹಂತಕ್ಕೆ ನಿಧಾನವಾಗುತ್ತದೆ. ಗಿರಾಕಿ ಕೇಳಿದರೆ ಎರಡನ್ನೂ ಹೇಳಿ. ಒಳ್ಳೆಯ ಮಾಂಸ ತಿನ್ನಿ, ಕಡಿಮೆ ತಿನ್ನಿ ಎಂದು ಹೇಳಲು ಹಿಂಜರಿಯಬೇಡಿ. ಹಾಗೆ ಹೇಳುವ ರೈತನ ಮಾತನ್ನು ಜನ ಉಳಿದ ವಿಷಯಗಳಲ್ಲೂ ನಂಬುತ್ತಾರೆ.

ಸಾವಿನ ಮಾತು ಬಾಕಿ ಇಟ್ಟಿದ್ದೆ. 1906ರ ಕಾನೂನಿನ ಪ್ರಕಾರ ಮಾಂಸ ಮಾರಬೇಕಾದರೆ ಸರ್ಕಾರಿ ತಪಾಸಣೆಯ ಕಸಾಯಿಖಾನೆಯಲ್ಲೇ ಕಡಿಸಬೇಕು. ಪ್ರಾಣಿಗೆ ಪ್ರಜ್ಞೆ ತಪ್ಪಿಸಿದ ಮೇಲೆ ಕೊಲ್ಲಬೇಕೆಂಬ ಕಾನೂನು 1958ರಲ್ಲಿ ಬಂತು. ಸಣ್ಣ ಕಸಾಯಿಖಾನೆಗಳು ಕಡಿಮೆ. 2020ರ ಸಾಂಕ್ರಾಮಿಕದ ಕಾಲದಲ್ಲಿ ಎಷ್ಟೋ ಕಡೆ ಒಂದು ವರ್ಷ ಮುಂದಕ್ಕೆ ಸರದಿ ಇತ್ತು. ಕರು ಹುಟ್ಟುವ ಮೊದಲೇ ಅದರ ಕೊನೆಯ ದಿನದ ಏರ್ಪಾಡು ಗೊತ್ತಿರಬೇಕು. ಬಾಗಿದ ಗೋಡೆಯ ಓಣಿ, ಜಾರದ ನೆಲ, ಕೂಗಾಟವಿಲ್ಲದ ಕೆಲಸಗಾರರು ದನದ ಭಯವನ್ನು ಎಷ್ಟು ತಗ್ಗಿಸುತ್ತಾರೆ ಎಂಬುದನ್ನು ಟೆಂಪಲ್ ಗ್ರ್ಯಾಂಡಿನ್ ಎಂಬ ಮಹಿಳೆ ಜಗತ್ತಿಗೆ ಕಲಿಸಿದರು. ಅವರ ಬರಹ ಓದಿ. ನೀವು ಆರಿಸುವ ಕಸಾಯಿಖಾನೆಗೆ ಮೊದಲು ನೀವಿಬ್ಬರೂ ಹೋಗಿ ನಿಂತು, ಕೊನೆಯವರೆಗೂ ನೋಡಿ. ದನವನ್ನು ಸಾಗಿಸುವಾಗ ಗಾಡಿಯಲ್ಲಿ ಜಾಗ ಇರಲಿ, ದಾರಿ ಚಿಕ್ಕದಿರಲಿ, ಜೊತೆಯ ಇನ್ನೊಂದು ದನ ಇರಲಿ. ನಿಮ್ಮಲ್ಲೊಬ್ಬರು ಪ್ರತಿ ಸಲವೂ ಜೊತೆಗೆ ಹೋಗಿ. ನೋಡಲಾರೆ ಎಂದು ಮನಸ್ಸು ಒಂದು ದಿನ ಹೇಳಿದರೆ, ಆ ದಿನ ಈ ಕಸುಬಿನ ಬಗ್ಗೆ ಮನೆಯವರೆಲ್ಲ ಕೂತು ಮತ್ತೆ ಮಾತಾಡಿ. ನೋಡದೆ ಮುಂದುವರಿಯುವುದು ಮಾತ್ರ ಬೇಡ.

ಮನೆಯ ವಿಷಯ. ಅಮೆರಿಕದ ರೈತರ ಸರಾಸರಿ ವಯಸ್ಸು 2022ರ ಕೃಷಿ ಗಣತಿಯಲ್ಲಿ 58 ದಾಟಿತ್ತು. ಎಷ್ಟೋ ಹೊಲಗಳು ಕೊಳ್ಳುವವನ ಪಾಲಾಗುವುದು ಬೆಳೆ ಸೋತದ್ದರಿಂದ ಆಗುವುದಿಲ್ಲ, ಅಪ್ಪ ಮಕ್ಕಳು ಮಾತಾಡದೆ ಇದ್ದದ್ದರಿಂದ ಆಗುತ್ತದೆ. ನಮ್ಮಲ್ಲಿ ವಾಟ್ನಿ, ಆಸ್ತಿ ಪಾಲು ಎಂದರೆ ಮುಖ ಮುರಿದುಕೊಳ್ಳುವುದು ಎಂದೇ ತಿಳಿದಿರುತ್ತೇವೆ. ಪ್ರೀತಿ ಇರುವಾಗಲೇ ಬರೆದಿಟ್ಟರೆ ಅದು ಮುಖ ಉಳಿಸುವ ಕಾಗದ. ಜಮೀನು ಯಾರ ಹೆಸರಿಗೆ, ದನ ಯಾರವು, ನಿಮ್ಮಿಬ್ಬರ ಸಂಬಳ ಎಷ್ಟು, ಪಟ್ಟಣದಲ್ಲಿರುವ ನಾದಿನಿಯ ಪಾಲು ಏನು, ಮಾವನವರು ಯಾವ ವಿಷಯದಲ್ಲಿ ಕೊನೆಯ ಮಾತು ಹೇಳುತ್ತಾರೆ, ಯಾವ ವಿಷಯದಲ್ಲಿ ನೀವು, ಎಲ್ಲವನ್ನೂ ವಕೀಲರ ಮುಂದೆ ಬರೆಸಿ. ಅಧಿಕಾರವನ್ನು ಹೊಲದ ತುಂಡುಗಳಂತೆ ಒಂದೊಂದಾಗಿ ಕೈಗೆ ತೆಗೆದುಕೊಳ್ಳಿ. ನಿಮ್ಮ ಮಕ್ಕಳು ಮುಂದೆ ಬೇರೆ ದಾರಿ ಹಿಡಿದರೆ ‘ಐದು ತಲೆಮಾರಿನ ಮನೆ’ ಎಂಬ ಭಾರವನ್ನು ಅವರ ಹೆಗಲಿಗೆ ಹೇರಬೇಡಿ. ಹೋಗಿ ನೋಡಿ, ಮನಸ್ಸಾದರೆ ಬನ್ನಿ ಎಂದು ಹರಸಿ ಕಳಿಸಿ. ಹಾಗೆ ಮರಳಿ ಬಂದವರೇ ನಿಲ್ಲುತ್ತಾರೆ.

ಐದು ತಲೆಮಾರು ಎಂಬುದು ದೊಡ್ಡ ಮಾತು, ಆದರೆ ಆ ನೆಲಕ್ಕೆ ಅದು ಸಣ್ಣ ಕಾಲ. ನಿಮಗೆ ಹತ್ತಿರದ ಕೊಲೊಮೋಕಿ ದಿಬ್ಬಗಳನ್ನು ಅಲ್ಲಿಯ ಮೂಲ ಜನ ಕಟ್ಟಿ ಸಾವಿರಕ್ಕೂ ಹೆಚ್ಚು ವರ್ಷವಾಯಿತು. 1814ರ ಒಪ್ಪಂದದಲ್ಲಿ ಮಸ್ಕೋಗಿ ಜನರಿಂದ ಆ ಸೀಮೆಯ ನೆಲವನ್ನು ಕಿತ್ತುಕೊಂಡರು. ಆಮೇಲೆ ಅಲ್ಲಿ ಹತ್ತಿ ಬೆಳೆದದ್ದು ಗುಲಾಮರಾಗಿ ತಂದ ಆಫ್ರಿಕದ ಜನರ ಬೆನ್ನ ಮೇಲೆ. ನಿಮ್ಮ ಹೆಸರಿನ ಕಾಗದಕ್ಕಿಂತ ಹಿಂದೆ ಇಷ್ಟೆಲ್ಲ ಇದೆ ಎಂಬ ಅರಿವು ಇದ್ದರೆ ನಡೆ ತಾನಾಗಿ ಹದವಾಗುತ್ತದೆ. ಕೆಲಸಕ್ಕೆ ಬರುವವರಿಗೆ ಪೂರ್ತಿ ಕೂಲಿ ಕೊಡಿ, ಗೌರವ ಕೊಡಿ, ಅವರ ಮಕ್ಕಳೂ ಊರಲ್ಲಿ ಉಳಿಯುವಂತಾಗಲಿ. ಹುಲ್ಲು ಚೆನ್ನಾಗಿದ್ದು ಊರು ಬರಿದಾದರೆ ಆ ಹೊಲದಲ್ಲಿ ಬಾಳುವುದು ಯಾರ ಜೊತೆ?

ಈ ಶರತ್ಕಾಲಕ್ಕೆ ಮಾಡಬೇಕಾದದ್ದು ಇಷ್ಟು. ಮಾವನವರು ತೋರಿಸಿದ ಒಂದೇ ಒಂದು ಹೊಲ ಆರಿಸಿ. ಶೇಂಗಾ ತೆಗೆದ ಮೇಲೆ ಅಲ್ಲಿ ರೈ, ಕ್ಲೋವರ್ ಬಿತ್ತಿ. ಸುತ್ತ ಬೇಲಿ, ನಡುವೆ ನೀರು. ದನ ಬೇಕಾದರೆ ನೆರೆಯವರ ಕೆಲವನ್ನು ಗೇಣಿಗೆ ಮೇಯಿಸಿ ಕೈ ಪಳಗಿಸಿಕೊಳ್ಳಿ, ಕೊಳ್ಳುವ ಆತುರ ಬೇಡ. ಒಂದು ನೋಟುಬುಕ್ಕಿನಲ್ಲಿ ದಿನಾಂಕ, ಹುಲ್ಲಿನ ಎತ್ತರ, ಮಳೆ, ಖರ್ಚು ಬರೆಯುತ್ತಾ ಹೋಗು. ವರ್ಷ ತುಂಬಿದ ದಿನ ಮಾವನವರ ಮುಂದೆ ಅದನ್ನು ಪೂರ್ತಿ ಓದು. ‘ಸರಿ, ಇನ್ನೊಂದು ಹೊಲ’ ಎಂದು ಅವರು ತಾವಾಗಿ ಹೇಳಿದರೆ ಎರಡನೆಯದಕ್ಕೆ ಕೈ ಹಾಕಿ. ಹೇಳದಿದ್ದರೆ ಮತ್ತೊಂದು ವರ್ಷ ಆ ಒಂದೇ ಹೊಲದಲ್ಲಿ ಕಲಿಯಿರಿ. ಆ ವರ್ಷ ವ್ಯರ್ಥವಾಗುವುದಿಲ್ಲ, ಬೇರು ಆಗಲೂ ಬೆಳೆಯುತ್ತಿರುತ್ತದೆ.

ನಿಮ್ಮ ಮನೆ, ನಿಮ್ಮ ಹಿಂಡು, ನಿಮ್ಮ ನೆಲ ಮೂರೂ ತಂಪಾಗಿರಲಿ.

ನಿನ್ನ ದೊಡ್ಡಪ್ಪ